ಕರೆಂಟ್ ಬಿಲ್ಲಿನ ಮೇಲಿನ ಹಳೇ ಗಡಿ

(ರಾಯಚೂರು ಜಿಲ್ಲೆಯ ಕಾಲೇಜೊಂದರಲ್ಲಿ ನವೆಂಬರ್ ತಿಂಗಳಲ್ಲಿ ಕೊಟ್ಟ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಪ್ರಾಂಶುಪಾಲರು ನನ್ನ ಪರಿಚಯ ಮಾಡಿಕೊಡುವಾಗ ‘ಇತಿಹಾಸ ತಜ್ಞರು’ ಅಂದರು. ಅದು ಸ್ವಲ್ಪ ಜಾಸ್ತಿಯಾಯಿತು. ನಾನು ಮೂವತ್ತು ವರ್ಷ ಸರ್ಕಾರಿ ಕಾಲೇಜುಗಳಲ್ಲಿ ಪಾಠ ಮಾಡಿದ ಮೇಷ್ಟ್ರು, ಅಷ್ಟೆ. ತುಮಕೂರು ಕಡೆಯವನು. ವರ್ಗಾವಣೆಯ ಕೃಪೆಯಿಂದ ನಿಮ್ಮ ಜಿಲ್ಲೆಯಲ್ಲಿ ಆರು ವರ್ಷ, ಧಾರವಾಡದ ಕಡೆ ಐದು ವರ್ಷ, ಕರಾವಳಿಯಲ್ಲಿ ನಾಲ್ಕು ವರ್ಷ ಇದ್ದೆ. ನಮ್ಮ ರಾಜ್ಯದ ಇತಿಹಾಸ ನನಗೆ ಅರ್ಥವಾದದ್ದು ಈ ಓಡಾಟದಲ್ಲಿ. ಅದರಲ್ಲೂ ತಾಲೂಕು ಕಚೇರಿಗಳ ಎದುರಿನ ಚಹಾ ಅಂಗಡಿಗಳಲ್ಲಿ.

ಮೊದಲು ಒಂದು ಕಾಗದದ ಕಥೆ ಹೇಳುತ್ತೇನೆ. ತೊಂಬತ್ತರ ದಶಕದ ಮಾತು. ನಮ್ಮ ಕಾಲೇಜಿನ ಒಬ್ಬ ಹುಡುಗ ಸ್ಟಾಫ್ ರೂಮಿಗೆ ಬಂದ. ಕೈಯಲ್ಲಿ ಮಡಿಕೆ ಮಡಿಕೆಯಲ್ಲೂ ಹರಿದಿದ್ದ ಹಳದಿ ಕಾಗದ. ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ್ದಂತೆ. ಹೊಲದ ತಕರಾರು ಕೋರ್ಟಿಗೆ ಹೋಗಿತ್ತು. “ಸರ್ರಿ, ಇದ್ರಾಗ ಏನ್ ಬರ್ದಾರ ಗೊತ್ತಾಗವಲ್ದು. ಓದೋರು ಯಾರರ ಅದಾರೇನ್ರಿ?” ಅಂದ. ಕಾಗದ ಪೂರ್ತಿ ಉರ್ದುವಿನಲ್ಲಿತ್ತು. ನಿಜಾಮರ ಕಾಲದ್ದು. ಅವನ ಮನೆಯಲ್ಲಿ ಯಾರಿಗೂ ಉರ್ದು ಬಾರದು. ನಾನು ಇತಿಹಾಸದ ಮೇಷ್ಟ್ರು, ನನಗೂ ಬಾರದು.

ಧಾರವಾಡದ ಕಡೆ ಹೋದಾಗ ಇದೇ ಕಥೆ ಮತ್ತೊಮ್ಮೆ ಎದುರಾಯಿತು. ಅಲ್ಲಿ ಕಾಗದ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿತ್ತು. ಅದನ್ನು ಓದುವವರನ್ನು ಹುಡುಕಿಕೊಂಡು ಊರೂರು ತಿರುಗುವ ರೈತರನ್ನು ಅಲ್ಲಿ ನೋಡಿದೆ.

ನಮ್ಮೂರಲ್ಲಿ ನನ್ನಜ್ಜನ ಕಾಗದಗಳು ಕನ್ನಡದಲ್ಲೇ ಇದ್ದವು. ಅದರಲ್ಲಿ ಅಜ್ಜನ ಜಾಣತನ ಏನೂ ಇರಲಿಲ್ಲ. ಅವನು ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ್ದ, ಈ ಹುಡುಗನ ಅಜ್ಜ ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿದ್ದರು. ಅಷ್ಟೇ ವ್ಯತ್ಯಾಸ. ಆದರೆ ಮೊಮ್ಮಕ್ಕಳ ಕಾಲಕ್ಕೂ ಆ ವ್ಯತ್ಯಾಸ ತೀರಿರಲಿಲ್ಲ. ಇವತ್ತು ನಾನು ಮಾತಾಡಬೇಕು ಅಂತಿರುವುದು ಇದರ ಬಗ್ಗೆಯೇ. ರಾಜ್ಯದ ಇತಿಹಾಸ ಅಂದ ಕೂಡಲೇ ನಾವು ಕದಂಬರು, ಚಾಲುಕ್ಯರು, ವಿಜಯನಗರ ಅಂತ ಶುರು ಮಾಡುತ್ತೇವೆ. ತಪ್ಪಲ್ಲ. ಆದರೆ ಇವತ್ತು ನಿಮ್ಮ ಊರಿಗೆ ಕಾಲುವೆ ನೀರು ಬರುತ್ತದೋ ಇಲ್ಲವೋ, ನಿಮ್ಮ ಶಾಲೆಯಲ್ಲಿ ಮೇಷ್ಟ್ರು ಇದ್ದಾರೋ ಇಲ್ಲವೋ, ಅದನ್ನು ಇಮ್ಮಡಿ ಪುಲಕೇಶಿಗಿಂತ ಜಾಸ್ತಿ ತೀರ್ಮಾನಿಸಿದ್ದು ಹಿಂದಿನ ಇನ್ನೂರು ವರ್ಷದ ಕಚೇರಿಗಳು.

1956ರ ನವೆಂಬರ್ 1ರಂದು ಏನಾಯಿತು ಅಂತ ನಿಮಗೆಲ್ಲ ಗೊತ್ತು. ಹಳೇ ಮೈಸೂರಿಗೆ ಮುಂಬೈ ಪ್ರಾಂತ್ಯದ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಸೇರಿದವು. ಹೈದರಾಬಾದಿನಿಂದ ಬೀದರ, ಗುಲಬರ್ಗಾ, ರಾಯಚೂರು ಬಂದವು. ಮದ್ರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಬಂದವು. ಕೊಡಗು ತಾನೇ ಒಂದು ಪುಟ್ಟ ರಾಜ್ಯವಾಗಿತ್ತು, ಅದೂ ಸೇರಿತು. ಬಳ್ಳಾರಿ ಮೂರು ವರ್ಷ ಮೊದಲೇ, 1953ರಲ್ಲಿ ಬಂದಿತ್ತು. ಕಾಸರಗೋಡು ಬರಲಿಲ್ಲ. ‘ಕರ್ನಾಟಕ’ ಎಂಬ ಹೆಸರು ಬರಲು ಮತ್ತೆ ಹದಿನೇಳು ವರ್ಷ ಬೇಕಾಯಿತು.

ಹರಿದ ಬಟ್ಟೆಗಳನ್ನು ಸೇರಿಸಿ ನಿಮ್ಮ ಕಡೆ ಕೌದಿ ಹೊಲಿಯುತ್ತಾರಲ್ಲ, ಹಾಗೆ ಆದ ರಾಜ್ಯ ಇದು. ಕೌದಿ ಬೆಚ್ಚಗೇ ಇರುತ್ತದೆ. ಆದರೆ ಯಾವ ತುಂಡು ಯಾವ ಸೀರೆಯದ್ದು ಅಂತ ಅಜ್ಜಿಗೆ ಗೊತ್ತಿರುತ್ತದೆ.

ಈ ತುಂಡುಗಳು ಎಲ್ಲೆಲ್ಲಿ ಕಾಣುತ್ತವೆ? ಮನೆಗೆ ಹೋಗಿ ಕರೆಂಟ್ ಬಿಲ್ ನೋಡಿ. ನಿಮ್ಮ ಬಿಲ್ಲಿನ ಮೇಲೆ ಜೆಸ್ಕಾಂ ಅಂತ ಇರುತ್ತದೆ. ಹುಬ್ಬಳ್ಳಿಯ ನೆಂಟರ ಬಿಲ್ಲಿನ ಮೇಲೆ ಹೆಸ್ಕಾಂ ಅಂತ ಇರುತ್ತದೆ. ಹೆಸ್ಕಾಂ ವ್ಯಾಪ್ತಿಯ ಏಳು ಜಿಲ್ಲೆಗಳ ನಕ್ಷೆ ಬರೆದು, ಪಕ್ಕದಲ್ಲಿ ಹಳೇ ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳ ನಕ್ಷೆ ಬರೆಯಿರಿ. ಹೆಚ್ಚೂಕಡಿಮೆ ಒಂದೇ ಚಿತ್ರ. ಜೆಸ್ಕಾಂ ನಕ್ಷೆ ಅಂದರೆ ನಿಜಾಮರ ಕನ್ನಡ ಜಿಲ್ಲೆಗಳು ಮತ್ತು ಬಳ್ಳಾರಿ. 2002ರಲ್ಲಿ ಈ ಕಂಪನಿಗಳನ್ನು ಮಾಡಿದವರು ಇತಿಹಾಸ ನೆನೆಸಿಕೊಂಡು ಗೆರೆ ಎಳೆದರು ಅಂತ ನಾನು ಹೇಳುತ್ತಿಲ್ಲ. ಅವರು ಆಡಳಿತಕ್ಕೆ ಅನುಕೂಲ ನೋಡಿದರು. ಆದರೆ ‘ಅನುಕೂಲ’ ಅನ್ನುವುದನ್ನೇ ಹಳೇ ಗಡಿಗಳು ತಯಾರು ಮಾಡಿಟ್ಟಿದ್ದವು.

ಇನ್ನೊಂದು. ಜಿಲ್ಲೆಯ ದೊಡ್ಡ ಸಾಹೇಬರನ್ನು ನಾವು ಡೀಸಿ ಅನ್ನುತ್ತೇವೆ. ಇಲ್ಲಿಂದ ನದಿ ದಾಟಿ ಕರ್ನೂಲಿಗೆ ಹೋದರೆ ಕಲೆಕ್ಟರ್. ಸೊಲ್ಲಾಪುರದಲ್ಲೂ ಕಲೆಕ್ಟರ್, ಕಾಸರಗೋಡಿನಲ್ಲೂ ಕಲೆಕ್ಟರ್. ನಮಗೆ ಮಾತ್ರ ಯಾಕೆ ಡೀಸಿ? 1831ರಲ್ಲಿ ಬ್ರಿಟಿಷರು ಮೈಸೂರು ಅರಸರ ಕೈಯಿಂದ ಆಡಳಿತ ಕಿತ್ತುಕೊಂಡು ಐವತ್ತು ವರ್ಷ ಕಮಿಷನರುಗಳ ಮೂಲಕ ಆಳಿದರು. ಕಮಿಷನರ ಕೈಕೆಳಗೆ ಡೆಪ್ಯುಟಿ ಕಮಿಷನರು. 1881ರಲ್ಲಿ ರಾಜ್ಯ ಅರಸರಿಗೆ ವಾಪಸ್ ಬಂತು. ಹುದ್ದೆಯ ಹೆಸರು ಹಾಗೇ ಉಳಿಯಿತು. 1956ರಲ್ಲಿ ಅದೇ ಹೆಸರು ನಿಮ್ಮ ಜಿಲ್ಲೆಗೂ ಬಂತು.

ಜಮೀನಿನ ಮಾತು ಬಂದರಂತೂ ಕೇಳಲೇಬೇಡಿ. ನಮ್ಮ ಕಡೆ ಊರಿನ ಲೆಕ್ಕ ಬರೆಯುವವರು ಶಾನುಭೋಗರು. ಧಾರವಾಡದಲ್ಲಿ ಕುಲಕರ್ಣಿ, ಬಳ್ಳಾರಿಯಲ್ಲಿ ಕರಣಂ, ಇಲ್ಲಿ ಪಟವಾರಿ. ಆ ಹುದ್ದೆಗಳನ್ನು 1961ರ ಕಾಯ್ದೆ ತೆಗೆದುಹಾಕಿತು. ಹೆಸರುಗಳು ಮಾತ್ರ ಅಡ್ಡಹೆಸರಾಗಿ ಉಳಿದುಕೊಂಡವು. ನಾನು ಕರಾವಳಿಗೆ ಹೋದ ಹೊಸದರಲ್ಲಿ ಮನೆ ಮಾಲೀಕರು “ನಮ್ಮದು ಹದಿನೈದು ಸೆಂಟ್ಸ್ ಜಾಗ” ಅಂದಾಗ ನನಗೆ ಅತ್ತರು ಸೆಂಟು ನೆನಪಾಗಿತ್ತು. ಎಕರೆಗೆ ನಲವತ್ತು ಗುಂಟೆ ನಮ್ಮ ಲೆಕ್ಕ. ಎಕರೆಗೆ ನೂರು ಸೆಂಟ್ಸ್ ಮದ್ರಾಸಿನ ಲೆಕ್ಕ. ಮದ್ರಾಸ್ ಪ್ರಾಂತ್ಯ ಹೋಗಿ ಎಷ್ಟು ಕಾಲವಾಯಿತು! ಮಂಗಳೂರಿನ ಸೈಟು ಜಾಹೀರಾತುಗಳಲ್ಲಿ ಅದು ಇನ್ನೂ ಇದೆ.

ಇವೆಲ್ಲ ತಮಾಷೆಯ ವಿಷಯಗಳು. ನಗಬಹುದು. ನಗು ಬಾರದಿರುವ ವಿಷಯಕ್ಕೆ ಈಗ ಬರೋಣ.

ಚಿನ್ನದಿಂದ ಶುರು ಮಾಡುತ್ತೇನೆ, ಯಾಕೆಂದರೆ ಚಿನ್ನ ನಿಮ್ಮ ಜಿಲ್ಲೆಯಲ್ಲೂ ಇದೆ. ಕೋಲಾರದಲ್ಲಿ 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿ ಗಣಿ ಶುರು ಮಾಡಿತು. ಆಳಕ್ಕೆ ಹೋದಂತೆ ಯಂತ್ರ ನಡೆಸಲು ಶಕ್ತಿ ಬೇಕಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ತಯಾರಿಸುವ ಯೋಜನೆ ಆಯಿತು. 1902ರಲ್ಲಿ ಕಾವೇರಿಯ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಗಣಿ ಸೇರಿತು. ಆ ಕಾಲಕ್ಕೆ ಅಷ್ಟು ಉದ್ದದ ಲೈನ್ ಜಗತ್ತಿನಲ್ಲೇ ಅಪರೂಪ. 1905ರಲ್ಲಿ ಅದೇ ಕರೆಂಟಿನಿಂದ ಬೆಂಗಳೂರಿನ ಬೀದಿ ದೀಪ ಉರಿಯಿತು. ಕರೆಂಟ್ ಇದ್ದ ಊರಿಗೆ ಕಾರ್ಖಾನೆ ಬಂತು. 1909ರಲ್ಲಿ ಸ್ಥಾಪನೆಯಾದ ಟಾಟಾ ಅವರ ವಿಜ್ಞಾನ ಸಂಸ್ಥೆಗೆ ಮೈಸೂರು ಸರ್ಕಾರ 371 ಎಕರೆ ಕೊಟ್ಟಿತು. 1916ರಲ್ಲಿ ವಿಶ್ವವಿದ್ಯಾಲಯ, 1940ರಲ್ಲಿ ವಿಮಾನ ಕಾರ್ಖಾನೆ. ಸ್ವಾತಂತ್ರ್ಯದ ನಂತರ ಐಟಿಐ, ಎಚ್‌ಎಂಟಿ, ಬಿಇಎಲ್. ಎಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬಂದಾಗ ಎಂಜಿನಿಯರುಗಳು ಅಲ್ಲಿ ಆಗಲೇ ಸಾಲಾಗಿ ನಿಂತಿದ್ದರು. ಬೆಂಗಳೂರಿನ ಹವೆ ಚೆನ್ನಾಗಿದೆ, ಅದಕ್ಕೆ ಐಟಿ ಬಂತು ಅಂತ ಹೇಳುವವರಿದ್ದಾರೆ. ಹವೆ ಚಿಕ್ಕಮಗಳೂರಿನಲ್ಲೂ ಚೆನ್ನಾಗಿದೆ, ಅಲ್ವಾ?

ಈಗ ನಿಮ್ಮ ಹಟ್ಟಿಗೆ ಬನ್ನಿ. ಅಲ್ಲಿ ಜನ ಚಿನ್ನ ತೆಗೆದದ್ದು ಎಷ್ಟೋ ಶತಮಾನ ಹಿಂದಿನಿಂದ. ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಕಂಡವನೂ ಚಿನ್ನ ಹುಡುಕಲು ಬಂದಿದ್ದ ಎಂಜಿನಿಯರ್. ಬ್ರಿಟಿಷರ ಕಾಲದಲ್ಲಿ ಹಟ್ಟಿಯಲ್ಲೂ ಕಂಪನಿ ಬಂದು ಗಣಿ ನಡೆಸಿ, ಬಿಟ್ಟುಹೋಯಿತು. 1947ರಲ್ಲಿ ಹೊಸ ಕಂಪನಿ ಆಯಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿ ಇವತ್ತಿಗೂ ನಡೆಯುತ್ತಿದೆ. ಆದರೆ ಹಟ್ಟಿಯ ಚಿನ್ನದ ಹಿಂದೆ ರಾಯಚೂರಿಗೆ ಒಂದು ವಿಜ್ಞಾನ ಸಂಸ್ಥೆ ಬರಲಿಲ್ಲ. ಕೋಲಾರದಲ್ಲಿ ಚಿನ್ನ ಜಾಸ್ತಿ ಇತ್ತು, ಅದು ನಿಜ, ಒಪ್ಪಬೇಕು. ಆದರೆ ಚಿನ್ನದ ಹಣವನ್ನು ಕರೆಂಟ್ ಮಾಡಿ, ಕರೆಂಟನ್ನು ಕಾರ್ಖಾನೆ ಮಾಡಿ, ಕಾರ್ಖಾನೆಗೆ ಬೇಕಾದ ಹುಡುಗರನ್ನು ಶಾಲೆಯಲ್ಲಿ ತಯಾರು ಮಾಡುವ ಕಚೇರಿ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಹೈದರಾಬಾದ್ ಸರ್ಕಾರ ಬಡ ಸರ್ಕಾರ ಏನಲ್ಲ. ಅದರ ದುಡ್ಡು, ಅದರ ಕಾಲೇಜುಗಳು ಹೆಚ್ಚಾಗಿ ಹೈದರಾಬಾದ್ ನಗರದಲ್ಲೇ ಕೂತವು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಅನ್ನುವುದು ದೊಡ್ಡ ಕನಸು. ಆದರೆ ಆ ಭಾಷೆ ಉರ್ದು. ಸಿಂಧನೂರಿನ ರೈತನ ಮಗನಿಗೆ ಅದು ಇಂಗ್ಲಿಷಿನಷ್ಟೇ ದೂರ. ಇಲ್ಲಿ ಕನ್ನಡ ಕಲಿಸಿದ್ದು ಹೆಚ್ಚಾಗಿ ಜನ ತಾವೇ ಚಂದಾ ಎತ್ತಿ ಕಟ್ಟಿದ ಶಾಲೆಗಳು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆ ನಿಮಗೆಲ್ಲ ಗೊತ್ತಿರುವುದೇ.

2011ರ ಜನಗಣತಿ ನೋಡಿ. ದಕ್ಷಿಣ ಕನ್ನಡದಲ್ಲಿ ಸಾಕ್ಷರತೆ ಶೇ 88.57. ಯಾದಗಿರಿಯಲ್ಲಿ ಶೇ 51.83. ಒಂದೇ ರಾಜ್ಯ, ಒಂದೇ ಪಠ್ಯಪುಸ್ತಕ, ಒಂದೇ ಬಿಸಿಯೂಟ. ಏಕೀಕರಣವಾಗಿ ಐವತ್ತೈದು ವರ್ಷ ಆಗಿತ್ತು. ಈ ಅಂಕಿಯನ್ನು ಬೆಂಗಳೂರಿನಲ್ಲಿ ಹೇಳಿದಾಗ ಒಬ್ಬರು ಎದ್ದುನಿಂತು, ಆ ಕಡೆ ಜನಕ್ಕೆ ಓದಿನ ಆಸಕ್ತಿ ಕಡಿಮೆ ಅಂದರು. ನನಗೆ ಸಿಟ್ಟು ಬಂತು. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಮಾಡಿತ್ತು. ಮಂಗಳೂರಿಗೆ ಬಾಸೆಲ್ ಮಿಷನ್‌ನವರು 1834ರಲ್ಲೇ ಬಂದು ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಅಂತ ಒಂದೊಂದೇ ಮಾಡಿದರು. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದೂ ಅಲ್ಲೇ, 1843ರಲ್ಲಿ. ನಾಲ್ಕು ತಲೆಮಾರು ಓದಿದ ಮನೆಯ ಮಗುವಿಗೂ ಮೊದಲ ಸಲ ಸ್ಲೇಟು ಹಿಡಿದ ಮನೆಯ ಮಗುವಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ‘ಆಸಕ್ತಿ’ ಅಳೆಯುವುದು ಯಾವ ನ್ಯಾಯ?

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಈ ಜಿಲ್ಲೆಗೆ ವರ್ಗಾವಣೆ ಆದೇಶ ಬಂದಾಗ ನಾನು ಎರಡು ತಿಂಗಳು ರದ್ದು ಮಾಡಿಸಲು ಓಡಾಡಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ “ಅಯ್ಯೋ ಪಾಪ, ಆ ಕಡೆ ಹಾಕಿಬಿಟ್ರಾ” ಅಂದಿದ್ದರು. ಸರ್ಕಾರಿ ನೌಕರರ ಬಾಯಲ್ಲಿ ನಿಮ್ಮ ಜಿಲ್ಲೆ ಶಿಕ್ಷೆಯ ಹೆಸರು. ಬಂದವರು ಬಂದ ದಿನದಿಂದಲೇ ವಾಪಸ್ ಹೋಗುವ ಅರ್ಜಿ ಬರೆಯುತ್ತಾರೆ. ಹುದ್ದೆ ಖಾಲಿ ಉಳಿಯುತ್ತದೆ. ಫಲಿತಾಂಶ ಕಡಿಮೆ ಬರುತ್ತದೆ. ಆಮೇಲೆ ‘ಹಿಂದುಳಿದ ಜಿಲ್ಲೆ’ ಅಂತ ಅದೇ ನೌಕರರು ವರದಿ ಬರೆಯುತ್ತಾರೆ. ಹಳೇ ಗಾಯಕ್ಕೆ ಹೊಸ ಉಪ್ಪು ಹಾಕುವ ಈ ಕೆಲಸ ಮಾಡಿದವರಲ್ಲಿ ನಾನೂ ಒಬ್ಬ. ನಿಜಾಮರ ಮೇಲೆ ಎಲ್ಲ ಹೊರಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ಆಗಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಹೇಳಿತು. ಆ 39ರಲ್ಲಿ 21 ನಿಮ್ಮ ಕಲಬುರಗಿ ವಿಭಾಗದವು. ಇನ್ನೊಂದು ಮಾತನ್ನೂ ಗಮನಿಸಬೇಕು. ಆ ಪಟ್ಟಿಯಲ್ಲಿ ಹಳೇ ಮೈಸೂರಿನ ತಾಲೂಕುಗಳೂ ಇದ್ದವು. ಮಾದರಿ ಮೈಸೂರು ಅಂತ ನಾವು ಎದೆ ಉಬ್ಬಿಸುತ್ತೇವಲ್ಲ, ಅದರ ಬೆಳಕು ಕಾವೇರಿ ಬಯಲು, ಬೆಂಗಳೂರು, ಭದ್ರಾವತಿ ಬಿಟ್ಟು ಆಚೆ ಜಾಸ್ತಿ ಹರಡಲಿಲ್ಲ. ನಮ್ಮ ಪಾವಗಡದ ಕಡೆ ಬಂದು ನೋಡಿ, ಗೊತ್ತಾಗುತ್ತದೆ.

ಈಗ ನಿಮ್ಮ ತುಂಗಭದ್ರಾ. ಇದರ ಬಗ್ಗೆ ನಿಮಗೆ ಹೇಳುವುದು ಅಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ಹೇಳುತ್ತೇನೆ. 1945ರ ಫೆಬ್ರವರಿ 28ರಂದು ಒಂದೇ ಅಣೆಕಟ್ಟಿಗೆ ಎರಡು ಶಂಕುಸ್ಥಾಪನೆ ಆಯಿತು. ಎಡದಂಡೆಯಲ್ಲಿ ಹೈದರಾಬಾದಿನ ಬಿರಾರ್ ಯುವರಾಜ, ಬಲದಂಡೆಯಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್. ನದಿಯ ಒಂದು ದಡ ಒಂದು ಸರ್ಕಾರದ್ದು, ಇನ್ನೊಂದು ದಡ ಇನ್ನೊಂದರದ್ದು. 1953ರಲ್ಲಿ ನೀರು ನಿಂತಿತು. ಅದೇ ವರ್ಷ ಆಂಧ್ರ ರಾಜ್ಯ ಆಯಿತು, ಬಳ್ಳಾರಿ ಮೈಸೂರಿಗೆ ಬಂತು. ಅಣೆಕಟ್ಟನ್ನು ಹಂಚಿಕೊಳ್ಳಲು ಆಗುವುದಿಲ್ಲವಲ್ಲ, ಅದಕ್ಕೆ ತುಂಗಭದ್ರಾ ಮಂಡಳಿ ಬಂತು. ಅಣೆಕಟ್ಟು ಪೂರ್ತಿ ನಮ್ಮ ನೆಲದಲ್ಲಿದೆ. ಗೇಟಿನ ಕೀಲಿ ಮಂಡಳಿಯ ಕೈಯಲ್ಲಿದೆ.

ಕಾಲುವೆಗೆ ನೀರು ಬಂತು. ನಿಮ್ಮ ಅಜ್ಜಂದಿರು ಜೋಳ, ಹತ್ತಿ ಬೆಳೆದವರು. ಕೆಸರು ಗದ್ದೆಯ ಬೇಸಾಯ ಅವರಿಗೆ ಹೊಸದು. ನೆಲ ಮಟ್ಟ ಮಾಡಲು ದುಡ್ಡು ಬೇಕು. ಸಾಲ ಕೊಡಲು ಬ್ಯಾಂಕಿಲ್ಲ, ಸಾವುಕಾರ ಇದ್ದ. ಅದೇ ಹೊತ್ತಿಗೆ ಕೃಷ್ಣಾ, ಗೋದಾವರಿ ಬಯಲಿನಿಂದ ರೈತರು ಬಂದರು. ಅವರ ತಾತಂದಿರ ಕಾಲದಿಂದ ಕಾಲುವೆ ನೀರಿನ ಅನುಭವ ಇತ್ತು, ಕೈಯಲ್ಲಿ ಅಲ್ಲಿನ ಜಮೀನು ಮಾರಿದ ದುಡ್ಡಿತ್ತು. ಇಲ್ಲಿ ಕಡಿಮೆ ಬೆಲೆಗೆ ಹೊಲ ಸಿಕ್ಕಿತು. ಹಾಗೆ ಹುಟ್ಟಿದ್ದು ನಿಮ್ಮ ಕ್ಯಾಂಪುಗಳು, ಅಂದರೆ ಆ ವಲಸೆ ರೈತರು ನೆಲೆನಿಂತ ಊರುಗಳು. ಅವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರು ಕಷ್ಟಪಟ್ಟರು, ಗಂಗಾವತಿಯ ಅಕ್ಕಿಗೆ ಹೆಸರು ತಂದರು. ಆದರೆ ಮೊದಲ ಹತ್ತು ಹದಿನೈದು ವರ್ಷ ಸ್ಥಳೀಯ ರೈತನ ಕೈಹಿಡಿಯುವ ಸೊಸೈಟಿ, ಸಾಲ, ಕೃಷಿ ಮೇಷ್ಟ್ರು ಇದ್ದಿದ್ದರೆ? ನೀರು ಹರಿಸುವುದು ಎಂಜಿನಿಯರ್ ಕೆಲಸ. ನೀರನ್ನು ಬದುಕು ಮಾಡಿಕೊಳ್ಳಲು ಬೇರೆ ಸಿದ್ಧತೆ ಬೇಕು. ಆ ಸಿದ್ಧತೆ ಒಬ್ಬರಿಗೆ ಅವರ ಇತಿಹಾಸ ಕೊಟ್ಟಿತ್ತು, ಇನ್ನೊಬ್ಬರಿಗೆ ಕೊಟ್ಟಿರಲಿಲ್ಲ. ಇವತ್ತು ಮಾನ್ವಿಯ ಕೊನೆಭಾಗದ ರೈತರು ‘ಮೇಲಿನವರು ಎಲ್ಲ ಎತ್ತಿಕೊಳ್ತಾರ’ ಅಂತ ಕಾಲುವೆಯ ಮೇಲೆ ಕೂರುತ್ತಾರಲ್ಲ, ಆ ಜಗಳದ ಬೇರು ಅಲ್ಲಿದೆ.

ಬ್ಯಾಂಕಿನ ಮಾತು ಬಂತು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906, ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ಐದೂ ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆಯಲ್ಲಿ! ಅಲ್ಲಿಗೆ ಹೋದಾಗ ನನಗೆ ಹೊಟ್ಟೆಕಿಚ್ಚಾಯಿತು.

ಆದರೆ ಆ ಜಿಲ್ಲೆಯಲ್ಲಿ ಇನ್ನೊಂದು ಇತಿಹಾಸವೂ ಇತ್ತು. ಅಲ್ಲಿ ಬಹಳಷ್ಟು ಭೂಮಿ ಗೇಣಿಯಲ್ಲಿತ್ತು. ಮೂಲಗೇಣಿ, ಚಾಲಗೇಣಿ ಅಂತ ಬಗೆಬಗೆ. ಒಕ್ಕಲು ಮಳೆಯಲ್ಲಿ ನೆನೆದು ಬೆಳೆದ ಅಕ್ಕಿ ಧಣಿಯ ಮನೆ ಅಂಗಳಕ್ಕೆ ಹೋಗುತ್ತಿತ್ತು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಆಗಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ಹೋಯಿತು. ಉಳುವವನು ‘ಡಿಕ್ಲರೇಷನ್’, ಅಂದರೆ ಭೂಮಿಯ ಹಕ್ಕು ಕೇಳುವ ಅರ್ಜಿ ಹಾಕಿದ, ಟ್ರಿಬ್ಯೂನಲ್ ಮುಂದೆ ನಿಂತ, ಒಡೆಯನಾದ. ನಾನಿದ್ದ ಊರಿನಲ್ಲಿ ಪಕ್ಕದ ಮನೆಯ ಅಜ್ಜಿ ಡಿಕ್ಲರೇಷನ್ ಅನ್ನುವ ಪದವನ್ನು ಮದುವೆ, ಹೆರಿಗೆಯ ಹಾಗೆ ಕಾಲ ಎಣಿಸಲು ಬಳಸುತ್ತಿದ್ದರು. “ಅದು ಡಿಕ್ಲರೇಷನ್‌ಗೆ ಮುಂಚೆ ಮಾರಾಯ್ರೆ!” ಆ ಒಕ್ಕಲು ಮಕ್ಕಳು ಶಾಲೆಗೆ ಹೋದರು, ಮುಂಬೈಗೆ ಹೋದರು, ಕೊಲ್ಲಿಗೆ ಹೋದರು.

ಅದೇ ಕಾಯ್ದೆ ನಿಮ್ಮ ಜಿಲ್ಲೆಗೂ ಬಂತು. ಇಲ್ಲಿ ಅಷ್ಟು ದೊಡ್ಡ ಬದಲಾವಣೆ ಆಗಲಿಲ್ಲ. ಯಾಕೆ? ಇಲ್ಲಿನ ತೊಂದರೆ ಗೇಣಿಯಲ್ಲಿ ಅಷ್ಟಿರಲಿಲ್ಲ. ದೊಡ್ಡ ದೊಡ್ಡ ಒಣಹೊಲಗಳು, ಜೀತಕ್ಕಿದ್ದ ಆಳುಗಳು, ಕೂಲಿಯವರು. ಜೀತದವನ ಹೆಸರು ಯಾವ ಗೇಣಿ ಚೀಟಿಯಲ್ಲೂ ಇರುವುದಿಲ್ಲ. ಅವನು ಯಾವ ಡಿಕ್ಲರೇಷನ್ ಹಾಕಬೇಕು? ಬೆಂಗಳೂರಿನಲ್ಲಿ ಕೂತು ಒಂದು ಕಾನೂನು ಮಾಡಿದರೆ ಅದು ಐದು ತುಂಡಿನಲ್ಲಿ ಐದು ರೀತಿ ಕೆಲಸ ಮಾಡುತ್ತದೆ. ವಿಧಾನಸೌಧದಲ್ಲಿ ಇದನ್ನು ಯಾರಾದರೂ ಗೋಡೆಯ ಮೇಲೆ ಬರೆಸಿದರೆ ಒಳ್ಳೆಯದಿತ್ತು.

ಕಾವೇರಿಯದು ಚಿಕ್ಕದಾಗಿ ಹೇಳಿಬಿಡುತ್ತೇನೆ. 1892ರ ಒಪ್ಪಂದದ ಪ್ರಕಾರ ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ಅಣೆಕಟ್ಟು ಕಟ್ಟುವ ಹಾಗಿರಲಿಲ್ಲ. ಬ್ರಿಟಿಷರ ಕೃಪೆಯಲ್ಲಿದ್ದ ಸಂಸ್ಥಾನ, ಬ್ರಿಟಿಷರದೇ ಪ್ರಾಂತ್ಯದ ಎದುರು ಮಾಡಿಕೊಂಡ ಒಪ್ಪಂದ ಅದು. ಆಮೇಲೆ 1924ರದ್ದು, ಐವತ್ತು ವರ್ಷದ ಅವಧಿಯದ್ದು. 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬರೆಯುವಾಗಲೂ ಈ ಎರಡು ಕಾಗದಗಳನ್ನು ಮುಂದಿಟ್ಟುಕೊಂಡೇ ಬರೆಯಬೇಕಾಯಿತು. ಆ ತೀರ್ಪಿನಲ್ಲಿ ನಮಗೆ 14.75 ಟಿಎಂಸಿ ಜಾಸ್ತಿ ಸಿಕ್ಕಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಬೆಂಗಳೂರಿನಲ್ಲಿ ನಲ್ಲಿ ತಿರುಗಿಸುವವನ ಕೈಯಲ್ಲಿ ದಿವಾನರ ಕಾಲದ ಸಹಿ ಇದೆ ಅಂತ ಅವನಿಗೆ ಗೊತ್ತಿರುವುದಿಲ್ಲ.

ಹಾಗಾದರೆ ಇತಿಹಾಸ ಅಂದರೆ ಹಣೆಬರಹವಾ? ಅಳಿಸಲು ಆಗುವುದೇ ಇಲ್ಲವಾ? ಕರಾವಳಿಯ ಒಕ್ಕಲು ಮಕ್ಕಳ ಕಥೆ ಆಗಲೇ ಹೇಳಿದೆ. ನಿಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 ಜೆ ವಿಧಿ ಇನ್ನೊಂದು ಕಥೆ. ನಿಜಾಮರ ರಾಜ್ಯ ಮೂರು ತುಂಡಾಯಿತು. ಮರಾಠವಾಡಾಕ್ಕೆ 1956ರಲ್ಲೇ ಸಂವಿಧಾನದಲ್ಲಿ ವಿಶೇಷ ಜಾಗ ಸಿಕ್ಕಿತು. ತೆಲಂಗಾಣದವರಿಗೆ 1973ರಲ್ಲಿ 371 ಡಿ ಬಂತು. ಕನ್ನಡದ ತುಂಡು ಕಾಯುತ್ತಲೇ ಇತ್ತು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಯಲ್ಲಿ ನಿಂತ ಮೇಲೆ, 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿತು. ಈ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ನಿಮ್ಮವು, ರಾಜ್ಯದ ಉಳಿದ ಕಡೆ ಶೇ 8. ಇಲ್ಲಿನ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ಶೇ 75ರಿಂದ 85. ಈ ಸಭೆಯಲ್ಲಿ ಮುಂದೆ ಡಾಕ್ಟರ್ ಆಗುವ ಹುಡುಗಿ ಒಬ್ಬಳಾದರೂ ಕೂತಿರುತ್ತಾಳೆ. ಅವಳ ಸೀಟಿನ ಹಿಂದೆ ಈ ಕಥೆ ಇದೆ. ‘ಅಯ್ಯೋ ಪಾಪ, ಆ ಕಡೆ’ ಅನ್ನುವ ನನ್ನಂಥವರ ಜಾಗಕ್ಕೆ ಇಲ್ಲಿಯೇ ಹುಟ್ಟಿ ಇಲ್ಲಿಯೇ ಇರುವ ಮೇಷ್ಟ್ರುಗಳು ಬರುವುದು ಅದರ ಇನ್ನೊಂದು ಲಾಭ. ಮಂಜೂರಾದ ಹುದ್ದೆ ತುಂಬದೆ ಬಿಟ್ಟರೆ ಮಾತ್ರ ಯಾವ ವಿಧಿಯಿಂದಲೂ ಉಪಯೋಗ ಇಲ್ಲ.

ಹರಪನಹಳ್ಳಿಯ ಕಥೆ ಕೇಳಿದ್ದೀರಾ? ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. 371 ಜೆ ಬಂದಾಗ ಬಳ್ಳಾರಿಗೆ ಸಿಕ್ಕಿತು, ಇವರು ಹೊರಗೆ. ಜನ ಹೋರಾಡಿ ಸೌಲಭ್ಯ ಪಡೆದರು, ತಿರುಗಿ ಬಳ್ಳಾರಿ ಜಿಲ್ಲೆಗೂ ಸೇರಿದರು. ಈಗ ವಿಜಯನಗರ ಜಿಲ್ಲೆ. ತಮಾಷೆ ಏನೆಂದರೆ ಬಳ್ಳಾರಿಯನ್ನು ನಿಜಾಮ 1800ರಲ್ಲೇ ಇಂಗ್ಲಿಷರಿಗೆ ಬಿಟ್ಟುಕೊಟ್ಟಿದ್ದ. ಆಮೇಲೆ ಅದು ಮದ್ರಾಸಿನದು. ಆದರೂ ‘ಹೈದರಾಬಾದ್ ಕರ್ನಾಟಕ’ದ ಪಟ್ಟಿಯಲ್ಲಿ ಸೇರಿತು. ಹಳೇ ಗಡಿಯನ್ನು ಜನ ಬೇಕಾದಾಗ ಬೇಕಾದ ಹಾಗೆ ಎಳೆದುಕೊಳ್ಳುತ್ತಾರೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ.

ಇನ್ನು ಮುಂದಿನದು. ಬೀದರಿನಿಂದ ಕಲಬುರಗಿಗೆ ನೇರ ರೈಲು ಬಂದದ್ದು 2017ರಲ್ಲಿ. ಪಕ್ಕಪಕ್ಕದ ಜಿಲ್ಲೆಗಳು, 110 ಕಿಲೋಮೀಟರ್, ಏಕೀಕರಣವಾಗಿ ಅರವತ್ತೊಂದು ವರ್ಷ. ಮೊದಲಿನ ಹಳಿಗಳೆಲ್ಲ ಹೈದರಾಬಾದ್, ಮುಂಬೈ, ಮದ್ರಾಸಿನ ಕಡೆ ಮುಖ ಮಾಡಿದ್ದವು. ಈಗ ನಿಮ್ಮ ಊರಿನ ಜನ ದುಡಿಯಲು ಬೆಂಗಳೂರಿನ ಕಡೆ ಮುಖ ಮಾಡಿದ್ದಾರೆ. ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ಪಕ್ಕದ ತಗಡಿನ ಶೆಡ್ಡಿನಲ್ಲಿ ಇಳಿಯುತ್ತಾರೆ. ಶಿವನಸಮುದ್ರದ ಕರೆಂಟಿನಿಂದ ಶುರುವಾದ ನಗರವನ್ನು ಈಗ ಕಟ್ಟುತ್ತಿರುವ ಕೈಗಳಲ್ಲಿ ರಾಯಚೂರಿನ, ಯಾದಗಿರಿಯ ಕೈಗಳು ಎಷ್ಟೋ. ಆ ಶೆಡ್ಡಿನಲ್ಲಿರುವ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ? 2011ರ ಆ ಶೇ 51.83 ಮುಂದೆ ಏನಾಗುತ್ತದೆ ಅನ್ನುವುದು ಯಾದಗಿರಿಯಲ್ಲಿ ಮಾತ್ರವಲ್ಲ, ವೈಟ್‌ಫೀಲ್ಡ್‌ನಲ್ಲೂ ತೀರ್ಮಾನವಾಗುತ್ತದೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾದ 19ನೇ ಗೇಟ್ ಚೈನ್ ಕಳಚಿ ಕೊಚ್ಚಿಹೋಯಿತಲ್ಲ, ಆ ರಾತ್ರಿ ನಿಮ್ಮಲ್ಲಿ ಯಾರೂ ನಿದ್ದೆ ಮಾಡಿರಲಿಕ್ಕಿಲ್ಲ. ಹೂಳು ತುಂಬಿ 133 ಟಿಎಂಸಿಯ ಕೆರೆ 105ಕ್ಕೆ ಇಳಿದಿದೆ. ಬದಲಿಗೆ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟೋಣ ಅಂತ ಮಾತಿದೆ. ಅದಕ್ಕೆ ಆಂಧ್ರ ಮತ್ತು ತೆಲಂಗಾಣ ಒಪ್ಪಬೇಕು. 1945ರಲ್ಲಿ ಎರಡು ಕಲ್ಲು ಇಟ್ಟಾಗ ಇಬ್ಬರು ಇದ್ದರು. ಈಗ ಮೂವರು. ಮುಂದಿನ ಬೆಳೆಗೆ ನೀರು ಎಷ್ಟು ಅಂತ ಹೇಳಬೇಕಾದರೆ ಆ ಹಳೇ ಲೆಕ್ಕದ ಪುಸ್ತಕ ತೆಗೆಯಲೇಬೇಕು.

ಟೈಮ್ ಆಯಿತು ಅಂತ ಪ್ರಾಂಶುಪಾಲರು ಗಡಿಯಾರ ನೋಡುತ್ತಿದ್ದಾರೆ. ಆ ಹುಡುಗನ ಕಾಗದ ಏನಾಯಿತು ಅಂತ ಹೇಳಿ ಕೂರುತ್ತೇನೆ.

ಊರಲ್ಲಿ ಒಬ್ಬ ನಿವೃತ್ತ ಗುಮಾಸ್ತರು ಇದ್ದರು. ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು. ಮನೆಮಾತು ಕನ್ನಡ. ಓದಿದ್ದೆಲ್ಲ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕಾಗದ ಕೈಗೆ ಕೊಟ್ಟರೆ ನೀರು ಕುಡಿದ ಹಾಗೆ ಓದಿದರು. ಸರ್ವೆ ನಂಬರ್, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಹಳ್ಳ, ಬದುವಿನ ಮೇಲೆ ಎರಡು ಬೇವಿನ ಮರ. ಹುಡುಗ ಬರೆದುಕೊಂಡ. “ನಮ್ಮ ಕಾಲ್ದಾಗ ಅಳೂದು ಕನ್ನಡದಾಗ, ಅರ್ಜಿ ಉರ್ದುನಾಗ” ಅಂತ ಹೇಳಿ ನಕ್ಕರು. ದುಡ್ಡು ಮುಟ್ಟಲಿಲ್ಲ, ಚಹಾ ಕುಡಿದು ಹೋದರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು.

ಈಗ ಸರ್ಕಾರ ಹಳೇ ಭೂದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿಸುತ್ತಿದೆ. ಒಳ್ಳೆಯ ಕೆಲಸ, ಗೆದ್ದಲು ಹಿಡಿಯುವುದು ತಪ್ಪುತ್ತದೆ. ಆದರೆ ಸ್ಕ್ಯಾನ್ ಆದ ಮೇಲೂ ಉರ್ದು ಉರ್ದುವಾಗಿಯೇ ಇರುತ್ತದೆ, ಮೋಡಿ ಮೋಡಿಯಾಗಿಯೇ ಇರುತ್ತದೆ. ನಿಮ್ಮಲ್ಲಿ ಯಾರಿಗೆ ಉರ್ದು ಓದಲು ಬರುತ್ತದೆ, ಸ್ವಲ್ಪ ಕೈ ಎತ್ತಿ ನೋಡೋಣ.

ನಾಲ್ಕು. ಅಲ್ಲ, ಹಿಂದೆ ಇನ್ನೊಬ್ಬಳಿದ್ದಾಳೆ. ಐದು. ಸಭೆ ಮುಗಿದ ಮೇಲೆ ನೀವು ಐವರು ನನ್ನನ್ನು ನೋಡಿಕೊಂಡು ಹೋಗಿ. ಉಳಿದವರು ಈಗ ಪ್ರಶ್ನೆ ಕೇಳಬಹುದು.